ತುಕ್ಕು ವಜಾ

ನಾನು ತೂಕದವನು. ಶಿವಮೊಗ್ಗದ ಗುಜರಿ ಅಂಗಡಿಯಿಂದ
ಒಂದು ತಕ್ಕಡಿ, ಎರಡು ಗ್ಯಾಸ್ ಸಿಲಿಂಡರು, ಮೂವರು ಹುಡುಗರೊಡನೆ
ಸಾಗರದಾಚೆ, ಹಳಿ ಮುಗಿಯುವ ಊರಿಗೆ
ಲಾರಿಯಲ್ಲಿ ಬಂದಿಳಿದೆ.
ಟೆಂಡರು ನಮ್ಮದು: ಶೆಡ್ಡು ಒಂದು, ಕಬ್ಬಿಣ ಸಮೇತ.

ಒಂದೇ ಇಂಜಿನ್ನಿಗೆ ಸಾಲುವ ಜಾಗ.
ಅದೂ ಮೂತಿ ಹೊರಗೆ ಚಾಚಿಕೊಂಡೇ ನಿಲ್ಲುತ್ತಿತ್ತಂತೆ,
ಮೋಟು ಮಂಚದಲ್ಲಿ ಮಲಗಿದ ಉದ್ದನೆಯ ಆಳಿನ ಹಾಗೆ.
ಹೊಗೆಗಿಂಡಿಯಲ್ಲಿ ಈಗ ಪಾರಿವಾಳ.
ನೀರಿನ ಕಂಬ, ಕತ್ತರಿಸಿ ತೂಗಿದರೆ, ನಾನೂರ ಹನ್ನೆರಡು ಕೆಜಿ.
ಹಳಿ ತುಂಡು ಹದಿನಾಲ್ಕು, ಬೇರೆ ಪಟ್ಟಿ.
ಲಾಟೀನು ತೂಗುಹಾಕುವ ಕೊಕ್ಕೆ ನಾಲ್ಕು, ಗೋಡೆಯಲ್ಲಿ ಅಂಕಿ ಸಮೇತ;
ಮೂರರದ್ದು ಮಾತ್ರ ಸವೆದು ಹೊಳೆಯುತ್ತಿತ್ತು.
ಕೊಕ್ಕೆಗೆ ನೂರೈವತ್ತು ಗ್ರಾಂ.

ಹಿಂದುಗಡೆ ಬೂದಿಗುಡ್ಡೆ.
ಟೆಂಡರಿನಲ್ಲಿ ಬೂದಿ ಎಂಬ ಪದವೇ ಇಲ್ಲ.
ಅದರ ಮೇಲೆ ಕೂತಿದ್ದಳು ಬಂಗಾರಿ,
ಅಲ್ಲೇ ಬೆಳೆದವಳ ಹಾಗೆ.
"ಬರೆಯೋದಾದ್ರೆ ಬರ್ಕೊ," ಅಂದಳು.
"ಇದನ್ನ ಬುಡದಿಂದ ಓದ್ಬೇಕು.

ಕಡೇ ಕೆಳಗೆ ಹೊಳೆಯೋ ಕಿಟ್ಟ ಇದೆಯಲ್ಲ, ಅದು ಮೊದಲ ಇಂಜಿನ್ನು.
ನಮ್ಮವ್ವ ಆಯ್ದು ಬಿಟ್ಟಿದ್ದು.
ಅದರ ಮೇಲೆ ಬಿಳಿ ಪದರ, ಸೌದೆ ಬೂದಿ.
ಕಲ್ಲಿದ್ದಲೆಲ್ಲ ಯುದ್ಧಕ್ಕೆ ಹೋಯ್ತಂತೆ,
ಇಂಜಿನ್ನಿಗೆ ಮತ್ತಿ, ಹೊನ್ನೆ ಉಣ್ಣಿಸಿದರಂತೆ.
ಸೌದೆ ಬೂದೀಲಿ ಆಯೋಕೆ ಎಂತ ಸಿಗ್ತದೆ?
ಅವ್ವ ಆ ವರ್ಷವೆಲ್ಲ ಕೆಸುವಿನ ಗೆಡ್ಡೆ ಬೇಯಿಸಿದ್ಲು.

ಇಲ್ಲಿ ಬೆರಳಿಡು. ಗಟ್ಟಿ ಅಲ್ವಾ? ಸಿಮೆಂಟು.
ಅಣೆಕಟ್ಟಿಗೆ ಹೋಗೋ ವ್ಯಾಗನ್ನು ಸೋರಿದ್ದು.
ಒಂದು ಮಳೆಗೆ ಗುಡ್ಡೆಯೇ ಕಲ್ಲಾಯ್ತು.
ಆಮೇಲೆ ಊರುಗಳು ಮುಳುಗಿದ್ವು. ಮುಳುಗಿದ ಊರಿಂದ
ಚೌಡಪ್ಪ ಬಂದ, ಬೆಂಕಿ ಕಾಯೋ ಕೆಲಸಕ್ಕೆ. ನನ್ನ ಕಟ್ಕೊಂಡ.
ನೀರು ಹೊರಗಟ್ಟಿತು, ಬೆಂಕಿ ಇಟ್ಕೊಂಡ್ತು, ಅಂತಿದ್ದ."

ರಾತ್ರಿ ಹತ್ತರಿಂದ ಬೆಳಗಿನ ಗಾಡಿಯವರೆಗೆ
ಇಂಜಿನ್ನಿನ ಹೊಟ್ಟೆ ತಣ್ಣಗಾಗದಂತೆ ಕೂತವನು.
ಆರಿದರೆ ಮತ್ತೆ ಕಾಯಲು ಐದಾರು ತಾಸು,
ಅದಕ್ಕೇ ಅರ್ಧ ನಿದ್ದೆ, ಅರ್ಧ ಸಲಿಕೆ.
"ಮೂರರ ಕೊಕ್ಕೆ ಅವನದಾ?" ಕೇಳಿದೆ.
"ಅವನಿಗೆ ಕೊಕ್ಕೆ ಇರಲಿಲ್ಲ.
ಬೆಂಕಿ ಎದುರು ಕೂತವನಿಗೆ ಲಾಟೀನು ಯಾಕೆ?"

"ಮೇಲಿನದೆಲ್ಲ ಫೈರ್‌ಮನ್‌ಗಳದ್ದು.
ಮುಖ ಮರ್ತಿದೀನಿ, ಬೂದಿ ಮರ್ತಿಲ್ಲ.
ಪೆರುಮಾಳಿಂದು ರಾಗಿಹಿಟ್ಟಿನಂಥ ಬೂದಿ,
ಒಂದು ಚೂರು ಬೇಯದ್ದು ಬಿಡ್ತಿರಲಿಲ್ಲ ಪುಣ್ಯಾತ್ಮ.
ಇಲಾಖೆ ಅವನಿಗೆ ಗಡಿಯಾರ ಕೊಡ್ತು, ನಮಗೆ ಉಪವಾಸ.
ರೊಜಾರಿಯೊ ಬಂದ ನೋಡು, ಬಾಯಿಬಡಕ,
ಮಾತಾಡ್ತಾ ಮಾತಾಡ್ತಾ ತುರುಕೋನು,
ಅರ್ಧಂಬರ್ಧ ಸುಟ್ಟು ಸುರಿಯೋನು.
ಬುಟ್ಟಿಗೆ ಎಂಟಾಣೆ, ಹೋಟೆಲಿಗೂ ಕಮ್ಮಾರನಿಗೂ.
ಎರಡು ಹೆಣ್ಣುಮಕ್ಕಳ ಮದುವೆ ಅವನ ಮಾತಿನಲ್ಲೇ ಮುಗೀತು.
ಅವನಿಗೆ ವರ್ಗ ಆದಾಗ
ಪ್ಲಾಟ್‌ಫಾರಮಿನಲ್ಲಿ ಅತ್ತವಳು ನಾನೊಬ್ಬಳೇ."

ತುದಿಯಲ್ಲಿ ಬರೀ ಹುಲ್ಲು.
"ಡೀಸೆಲ್ಲು ಎಂತ ಬಿಡ್ತು?"
ಸೆರಗಿನಲ್ಲೊಂದು ಎಣ್ಣೆಕಲೆ ತೋರಿಸಿದಳು.

ಸಂಜೆ ಲೆಕ್ಕ ಮುಗಿಸುವಾಗ ಹುಡುಗನೊಬ್ಬ
ಅವಳ ಬೆನ್ನ ಹಿಂದಿದ್ದ ಜರಡಿಯನ್ನೂ ತಂದು ತಕ್ಕಡಿಗಿಟ್ಟ.
ಹೊಗೆಪೆಟ್ಟಿಗೆಯ ಬಲೆ ಕತ್ತರಿಸಿ ಮಾಡಿದ್ದು. ಇಲಾಖೆಯ ಮಾಲೇ.
ಅವಳು ಏನೂ ಅನ್ನಲಿಲ್ಲ, ಮುಳ್ಳನ್ನೇ ನೋಡುತ್ತಿದ್ದಳು.
ಎರಡು ಕೆಜಿ ಎಂಟುನೂರು.
ನಡುವೆ ಅಂಗೈಯಷ್ಟು ತಗ್ಗು.

ನಮ್ಮ ಕಸುಬಿನ ಪುಸ್ತಕದಲ್ಲಿ ಒಂದು ಕಲಮು ಇರುತ್ತದೆ.
ಅಲ್ಲಿ ಬರೆದೆ: ತುಕ್ಕು ವಜಾ, ಎರಡು ಎಂಟುನೂರು.
ಜರಡಿ ಗುಡ್ಡೆಗೆ ಹೋಯಿತು.
ಧಣಿ ಕೇಳಲಿಲ್ಲ. ಆ ಕಡೆ ಮಳೆ ಜಾಸ್ತಿ,
ಕಬ್ಬಿಣ ಹೀಗೇ ಕರಗುತ್ತದೆ ಅಂದುಕೊಂಡಿರಬೇಕು.